ತುಕ್ಕು ಹಿಡಿದ ಬೈಕೆಲ್ಲ ರ‍್ಯಾಟ್ ಬೈಕ್ ಆಗಿಬಿಡುತ್ತದಾ?

ಅರ್ಧಟ್ಯಾಂಕ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 19 ವರ್ಷದ 125 ಸಿಸಿ ಬೈಕು. ನಾನು ಎರಡನೇ ಓನರ್, ನನ್ನ ಕೈಗೆ ಬಂದು 11 ವರ್ಷ. ಟ್ಯಾಂಕ್ ಒಂದು ಬಣ್ಣ, ಮುಂದಿನ ಮಡ್‌ಗಾರ್ಡ್ ಇನ್ನೊಂದು ಬಣ್ಣ. ಎಡಗಡೆ ಸೈಡ್ ಪ್ಯಾನೆಲ್ಲಿನ ಕಿವಿ ಮುರಿದು ಕೇಬಲ್ ಟೈ ಮೇಲೆ ನಿಂತಿದೆ. ಸೈಲೆನ್ಸರ್ ತೂತು ಬಿದ್ದಾಗ ಒಂದು ತಗಡಿನ ಡಬ್ಬಿ ಸೀಳಿ ಸುತ್ತಿ, ಮೇಲೆ ಎರಡು ಹೋಸ್ ಕ್ಲಿಪ್ ಬಿಗಿದೆ. ಅದು ಹಾಗೇ ಉಳಿಯಿತು. ಇಂಡಿಕೇಟರ್ ನಾಲ್ಕೂ ನಾಲ್ಕು ಬೇರೆ ಗಾಡಿಗಳವು. ದಿನಾ ಓಡಿಸುತ್ತೇನೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.

ಹೋದ ವಾರ ಸ್ನೇಹಿತನೊಬ್ಬ ತನ್ನ ‘ರ‍್ಯಾಟ್ ಬೈಕ್’ ತೋರಿಸಲು ತಂದಿದ್ದ. ಚೆನ್ನಾಗಿದ್ದ ಗಾಡಿ ಅದು. ಬಣ್ಣ ಪೂರ್ತಿ ಉಜ್ಜಿ ತೆಗೆದು, ವಿನೆಗರ್ರು, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಚಿಮುಕಿಸಿ ಒಂದೇ ದಿನದಲ್ಲಿ ತುಕ್ಕು ಬರಿಸಿದ್ದಾನೆ. ಮೇಲೆ ಫಳಫಳ ಲ್ಯಾಕರ್. ಹೆಡ್‌ಲೈಟ್ ಮೇಲೆ ಪ್ಲಾಸ್ಟಿಕ್ ತಲೆಬುರುಡೆ. ನನ್ನ ಗಾಡಿ ನೋಡಿ, "ಇದು ರ‍್ಯಾಟ್ ಅಲ್ಲ ಕಣೋ, ಗುಜರಿ" ಅಂದ.

ಆಗ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಅದೇ ಮಾತು ತಲೆ ಕೊರೆಯುತ್ತಿದೆ. ನಿಜವಾದ ರ‍್ಯಾಟ್ ಬೈಕ್ ಅಂದ್ರೆ ಯಾವುದು?

ಕಿಕ್ಕೇ_ಗತಿ

ನಿಮ್ಮದು ರ‍್ಯಾಟ್. ಅವನದು ಮೇಕಪ್. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ಸ್ಪ್ಯಾನರ್_13

ಅಷ್ಟು ಬೇಗ ಬಾಗಿಲು ಹಾಕಬೇಡಿ ಗುರುಗಳೇ.

ಈ ಹೆಸರಿನ ಹಿಂದೆ ಇರುವುದು ನೋಟ ಅಲ್ಲ, ಲೆಕ್ಕ. ಗಾಡಿ ಮೇಲೆ ಆದಷ್ಟು ಕಮ್ಮಿ ದುಡ್ಡು ಹಾಕಿ ಆದಷ್ಟು ಜಾಸ್ತಿ ದಿನ ಓಡಿಸುವ ಲೆಕ್ಕ. ಒರಿಜಿನಲ್ ಪಾರ್ಟ್ ಸಿಗಲಿಲ್ಲವಾ? ಕೈಗೆ ಸಿಕ್ಕ ಇನ್ಯಾವುದೋ ಗಾಡಿಯದ್ದನ್ನು ಕೂರಿಸು. ಕೂರಲಿಲ್ಲವಾ? ಅರ ಹಾಕಿ ಉಜ್ಜಿ, ತೂತು ದೊಡ್ಡದು ಮಾಡಿ, ಪಟ್ಟಿ ವೆಲ್ಡ್ ಮಾಡಿ ಕೂರುವ ಹಾಗೆ ಮಾಡು. ಚೆಂದ ಕಾಣುತ್ತದಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕ್ರೋಮ್ ಹೊಡೆಸಿ, ಬಟ್ಟೆ ಹೊದಿಸಿ, ಶೋಗೆ ಟ್ರಕ್ಕಿನಲ್ಲಿ ಹೊತ್ತು ತರುವ ಕಸ್ಟಮ್ ಬೈಕುಗಳಿಗೆ ಇದು ಎದುರು ಜವಾಬು.

ಬ್ರಿಟನ್ನಿನಲ್ಲಿ ಇದಕ್ಕೊಬ್ಬ ದಾಯಾದಿ ಇದ್ದಾನೆ, ‘ವಿಂಟರ್ ಹ್ಯಾಕ್’ ಅಂತ. ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಮಂಜು ಗಟ್ಟಿಯಾಗದಿರಲಿ ಅಂತ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕ್ರೋಮು, ಸ್ಪೋಕ್ಸು, ಬೋಲ್ಟಿನ ತಲೆ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಒಳ್ಳೆ ಗಾಡಿಯನ್ನು ಶೆಡ್ಡಿನಲ್ಲಿ ಮುಚ್ಚಿಟ್ಟು, ಹೋದರೆ ಹೋಗಲಿ ಅನ್ನುವ ಒಂದು ಹಳೇ ಗಾಡಿಯನ್ನು ಆ ಮೂರ್ನಾಲ್ಕು ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ಅಂಥ ಗಾಡಿ ನಾಲ್ಕೈದು ಚಳಿಗಾಲ ಸಾಯದೇ ಉಳಿದರೆ ತಾನಾಗಿ ಇಲಿ ಆಗುತ್ತದೆ.

ಹೋಂಡಾ ಸಿಎಕ್ಸ್500 ಹೀಗೆ ಹೆಸರು ಮಾಡಿದ ಗಾಡಿ. 1978ರಲ್ಲಿ ಮಾರುಕಟ್ಟೆಗೆ ಬಂತು. ನೀರಿನಿಂದ ತಣಿಯುವ ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರುವ) ಎಂಜಿನ್, ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್. ರೂಪ ಅಷ್ಟಕ್ಕಷ್ಟೇ. ಅಲ್ಲಿನವರು ಅದನ್ನು ‘ಪ್ಲಾಸ್ಟಿಕ್ ಹುಳ’ ಅಂತ ಆಡಿಕೊಳ್ಳುತ್ತಿದ್ದರು. ಆದ್ರೆ ಲಂಡನ್ನಿನ ಕೊರಿಯರ್ ಸವಾರರು ಅದನ್ನೇ ಹುಡುಕಿ ತರುತ್ತಿದ್ದರು. ಚೈನ್ ಬಿಗಿ ಮಾಡುವ ಗೋಳಿಲ್ಲ, ಬಿದ್ದರೂ ಎದ್ದು ಓಡುತ್ತದೆ. ಮಳೆ, ಉಪ್ಪು, ಟ್ರಾಫಿಕ್ಕು ಎಲ್ಲ ತಿಂದು, ಮುಖ ಹಾಳಾಗಿ, ಎದೆ ಗಟ್ಟಿ ಇದ್ದ ಗಾಡಿಗಳು.

ಇನ್ನೊಂದು ವಿಷಯ. ಅಲ್ಲಿ ಗಾಡಿಗೆ ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಂಒಟಿ ಅನ್ನುವ ಪರೀಕ್ಷೆ ಪಾಸಾಗಬೇಕು. ಬ್ರೇಕು, ಲೈಟು, ಸ್ಟೀರಿಂಗು, ಟೈರು, ಚಕ್ರದ ಬೇರಿಂಗು ಎಲ್ಲ ನೋಡುತ್ತಾರೆ. ಬಣ್ಣ ಹೋಗಿದೆ ಅಂತ ಮಾತ್ರ ಯಾರೂ ಫೇಲ್ ಮಾಡುವುದಿಲ್ಲ.

ತುಕ್ಕುರಾಯ

ಅರ್ಧಟ್ಯಾಂಕ್ ಅವರೇ, ನಿಮ್ಮ ಸ್ನೇಹಿತ ನಾನಲ್ಲ. ಆದ್ರೆ ನಾನೂ ಬೇಕಂತಲೇ ಗಾಡಿಗೆ ತುಕ್ಕು ಬರಿಸಿದವನೇ. ಹಾಗಾಗಿ ಅವನ ಪರ ಎರಡು ಮಾತು.

ಅವನು ಕಟ್ಟಿದ್ದಕ್ಕೆ ಬೇರೆ ಹೆಸರಿದೆ: ‘ಸರ್ವೈವಲ್ ಬೈಕ್’. ಮ್ಯಾಟ್ ಕಪ್ಪು, ಮಿಲಿಟರಿ ಡಬ್ಬಿ, ಸರಪಳಿ, ತಲೆಬುರುಡೆ. ಲೋಕ ಮುಳುಗಿದ ಮೇಲೆ ಉಳಿದವರು ಓಡಿಸುವ ಗಾಡಿಯ ಹಾಗೆ. 1979ರ ‘ಮ್ಯಾಡ್ ಮ್ಯಾಕ್ಸ್’ ಸಿನಿಮಾ ಆದ ಮೇಲೆ ಈ ಗೀಳು ಹಬ್ಬಿತು. ಅದಕ್ಕೂ ಕೈಚಳಕ ಬೇಕು. ನಾನು ಒಂದು ಟ್ಯಾಂಕಿಗೆ ಸರಿಯಾದ ತುಕ್ಕಿನ ಬಣ್ಣ ಬರಿಸಲು ಆರು ಸಲ ಉಜ್ಜಿದ್ದೇನೆ. ನಗಬೇಡಿ.

ಆದ್ರೆ ನಿಯತ್ತಾಗಿ ಹೇಳುತ್ತೇನೆ, ನನ್ನ ಗಾಡಿಯನ್ನು ನಾನು ರ‍್ಯಾಟ್ ಅನ್ನುವುದಿಲ್ಲ. ಯಾಕೆ ಅಂದ್ರೆ, ಯಾರಾದ್ರೂ ಬಂದು "ಈ ಸರಪಳಿ ಇಲ್ಲಿ ಯಾಕಿದೆ?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಸುಮ್ನೆ ಹಾಕಿದೆ, ಅಷ್ಟೇ. ಅದೇ ನಿಮ್ಮ ಸೈಲೆನ್ಸರಿನ ಡಬ್ಬಿ ಯಾಕಿದೆ ಅಂತ ಕೇಳಿದರೆ ಉತ್ತರ ಇದೆ. ನಾಲ್ಕು ಇಂಡಿಕೇಟರಿಗೆ ನಾಲ್ಕು ಉತ್ತರ ಇರುತ್ತದೆ. ಇದ್ದೇ ಇರುತ್ತದೆ, ಪಂಥ ಕಟ್ಟುತ್ತೇನೆ.

ಅರ್ಧಟ್ಯಾಂಕ್

ಸರ್, ಗೆದ್ದಿರಿ. ಮುಂದಿನ ಎಡಗಡೆಯದ್ದು ಗೇಟಿಗೆ ತಾಗಿ ಹೋಯಿತು. ಮುಂದಿನ ಬಲಗಡೆಯದ್ದು ನಿಲ್ಲಿಸಿದ್ದಾಗ ಗಾಡಿ ಬಿದ್ದು. ಹಿಂದಿನದೊಂದು ಅಲುಗಿ ಅಲುಗಿ ರಬ್ಬರು ಕಿತ್ತು ಎಲ್ಲೋ ಬಿದ್ದೇಹೋಯಿತು. ನಾಲ್ಕನೆಯದ್ದು ಮೊದಲ ಓನರ್ ಹಾಕಿಸಿದ್ದು, ಅದರ ಕಥೆ ಅವರಿಗೇ ಗೊತ್ತು.

ಮೂರನೇ_ಗೇರು

ಎಲ್ಲರೂ ಇಷ್ಟು ಮುದ್ದು ಮಾಡುತ್ತಿದ್ದೀರಲ್ಲ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ.

ನನ್ನ ಅನುಭವದಲ್ಲಿ ‘ರ‍್ಯಾಟ್ ಬೈಕ್’ ಅನ್ನುವವರಲ್ಲಿ ಅರ್ಧಕ್ಕರ್ಧ ಜನ ಸೋಮಾರಿಗಳು. ನಾಲ್ಕು ವರ್ಷದ ಹಿಂದೆ ಒಂದು ಹಳೇ ಗಾಡಿ ತೆಗೆದುಕೊಂಡೆ. ಮಾರಿದವರು "ನೋಡೋಕೆ ಹೀಗೆ ಮೇಡಂ, ಒಳಗೆ ಬಂಗಾರ" ಅಂದಿದ್ದರು. ಎರಡನೇ ವಾರ, ಸಂಜೆ, ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತಿದ್ದೆ. ಮೊದಲು ವಾಸನೆ ಬಂತು. ಸುಟ್ಟ ಪ್ಲಾಸ್ಟಿಕ್ಕಿನ ಸಿಹಿ ಸಿಹಿ ವಾಸನೆ. ಮುಂದಿನ ಲಾರಿಯದ್ದು ಅಂದುಕೊಂಡೆ. ಆಮೇಲೆ ತೊಡೆ ಬಿಸಿಯಾಯಿತು. ಕೆಳಗೆ ನೋಡಿದರೆ ಸೀಟಿನ ಸಂದಿಯಿಂದ ಹೊಗೆ.

ನಿಲ್ಲಿಸಿ ಕೀ ತಿರುಗಿಸಿದೆ, ಹೊಗೆ ನಿಲ್ಲಲಿಲ್ಲ. ಸೀಟು ಕಿತ್ತು ಬ್ಯಾಟರಿ ವೈರು ಹಿಡಿದೆಳೆದೆ. ಹೆಬ್ಬೆರಳ ಮೇಲೆ ಆ ಗುರುತು ಈಗಲೂ ಇದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ಫ್ಯೂಸ್ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಚಿ ತುರುಕಿದ್ದರು. ವೈರು ಎಲ್ಲೋ ಫ್ರೇಮಿಗೆ ಉಜ್ಜಿ ಶಾರ್ಟ್ ಆಗಿದೆ. ಫ್ಯೂಸ್ ಇದ್ದಿದ್ದರೆ ಅದು ಹೋಗುತ್ತಿತ್ತು. ಇಲ್ಲದ್ದಕ್ಕೆ ವೈರಿಂಗ್ ಪೂರ್ತಿ ಬೆಂದುಹೋಯಿತು.

ಇದನ್ನೂ ‘ಕೈಗೆ ಸಿಕ್ಕಿದ್ದು ಹಾಕಿದೆ’ ಅನ್ನುವ ಸಾಲಿಗೇ ಸೇರಿಸುತ್ತೀರಾ? ಆ ಬೆಳ್ಳಿ ಕಾಗದಕ್ಕೂ ‘ಯಾಕೆ’ ಅಂತ ಕೇಳಿದರೆ ಉತ್ತರ ಇತ್ತಲ್ಲ ತುಕ್ಕುರಾಯರೇ?

ತುಕ್ಕುರಾಯ

ಇತ್ತು ಅಕ್ಕಾ. ಸೋತೆ.

ಕಿಕ್ಕೇ_ಗತಿ

ಫ್ಯೂಸ್ ಒಂದು ಕಾಸಿನ ವಸ್ತು. ಅದಕ್ಕೂ ಜಿಪುಣತನ ಮಾಡುವವನು ಇಲಿ ಅಲ್ಲ, ಹೆಗ್ಗಣ.

ಗ್ರೀಸ್_ಕೈ

ಅಕ್ಕ ಹೇಳಿದ್ದು ಸರಿ, ಅಲ್ಲಿಂದಲೇ ಶುರು ಮಾಡುತ್ತೇನೆ. 26 ವರ್ಷದಿಂದ ಗಾಡಿ ಬಿಚ್ಚುವ ಕೆಲಸ ನನ್ನದು. ರ‍್ಯಾಟ್ ಬೈಕ್ ಬಂದರೆ ಖುಷಿ, ರ‍್ಯಾಟ್ ಅಂತ ಹೇಳಿಕೊಂಡು ಬಂದ ಗಾಡಿ ಕಂಡರೆ ಭಯ. ಎರಡನ್ನೂ ದೂರದಿಂದ ನೋಡಿದರೆ ಒಂದೇ ಥರ. ಹತ್ತಿರ ಹೋಗಿ ತುಕ್ಕು ಎಲ್ಲಿದೆ ಅಂತ ನೋಡಬೇಕು.

ಮಡ್‌ಗಾರ್ಡ್ ಮೇಲೆ, ಸೈಲೆನ್ಸರ್ ಮೇಲೆ, ಲೆಗ್ ಗಾರ್ಡ್ ಮೇಲೆ ಇದೆಯಾ? ಇರಲಿ ಬಿಡಿ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಪೈಪಿನಲ್ಲಿ ಇದ್ದರೆ ಬಗ್ಗಿ ನೋಡುತ್ತೇನೆ. ಮೇಲುಗಡೆ, ಆಯಿಲ್ ಸೀಲ್ ಮುಟ್ಟದ ಜಾಗದಲ್ಲಿ ಇದ್ದರೆ ಅಡ್ಡಿಯಿಲ್ಲ. ಸೀಲ್ ಹತ್ತಿ ಇಳಿಯುವ ಜಾಗದಲ್ಲಿ ಸೂಜಿಮೊನೆಯಷ್ಟು ಗುಂಡಿ ಬಿದ್ದರೂ ಸಾಕು, ಅದು ಅರದ ಥರ ಸೀಲಿನ ತುಟಿ ತಿನ್ನುತ್ತದೆ. ಆಯಿಲ್ ಇಳಿಯುತ್ತದೆ. ಇಳಿದದ್ದು ಮುಂದಿನ ಬ್ರೇಕಿನ ಮೇಲೆ ಹೋಗಿ ಕೂತರೆ ಆಮೇಲೆ ಲಿವರ್ ಹಿಡಿದು ದೇವರನ್ನು ಕರೆಯಬೇಕು.

ಹೊಸ ಪೈಪಿಗೆ ದುಡ್ಡಿಲ್ಲವಾ? ಆ ಗುಂಡಿಯೊಳಗಿನ ತುಕ್ಕನ್ನು ಸೂಜಿಯಲ್ಲಿ ಕೆರೆಯಿರಿ. ಥಿನ್ನರ್ ಹಚ್ಚಿ ಒರೆಸಿ. ಎರಡು ಟ್ಯೂಬು ಕಲಸುವ ಎಪಾಕ್ಸಿ ಅಂಟನ್ನು ಕಡ್ಡಿಯ ತುದಿಯಲ್ಲಿ ತುಂಬಿ, ಸ್ವಲ್ಪ ಉಬ್ಬಿದ ಹಾಗೆ ಬಿಡಿ. ಮಾರನೇ ದಿನ 1000 ನಂಬರಿನ ಎಮರಿ ಪೇಪರಿಗೆ ನೀರು ಹಾಕಿ ಮೆಲ್ಲಗೆ ಉಜ್ಜಿ. ಆಮೇಲೆ ಕಣ್ಣು ಮುಚ್ಚಿ ಉಗುರು ಎಳೆಯಿರಿ. ಎಲ್ಲೂ ತಡೆಯಬಾರದು. ತಡೆದರೆ ಮತ್ತೆ ಉಜ್ಜಿ. ಇದಾದ ಮೇಲೆ ಹೊಸ ಸೀಲ್ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ನನ್ನ ಕಣ್ಣಲ್ಲಿ ಇದು ರ‍್ಯಾಟ್ ಕೆಲಸ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ನೋಡಲು ಕಲೆ ಉಳಿಯುತ್ತದೆ, ಆದ್ರೆ ಸೀಲಿಗೆ ಗೊತ್ತೇ ಆಗುವುದಿಲ್ಲ.

ಹಾಗೇ ಟೈರು. ಬಟನ್ (ರಸ್ತೆ ಮುಟ್ಟುವ ಉಬ್ಬು) ಚೆನ್ನಾಗಿದೆ ಅಂತ ತೋರಿಸುತ್ತಾರೆ. ನಾನು ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ನೋಡುತ್ತೇನೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3409 ಅಂತಿದ್ದರೆ 2009ರ 34ನೇ ವಾರದಲ್ಲಿ ಹುಟ್ಟಿದ ಟೈರು. ಅದರ ರಬ್ಬರು ಗಟ್ಟಿಯಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಒಣ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಮೊದಲ ಮಳೆಯಲ್ಲಿ ಗೊತ್ತಾಗುತ್ತದೆ.

ಡಿಸ್ಕ್ ಇದ್ದರೆ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಕುಡಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕಮ್ಮಿ ಅಂದ್ರೂ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ 155ಕ್ಕೆ ಇಳಿದರೂ ಅದು ಪಾಸೇ. ಘಾಟಿ ಇಳಿಯುವಾಗ ಒಂದೇ ಸಮ ಬ್ರೇಕ್ ಹಿಡಿದರೆ ಒಳಗೆ ಆವಿಯ ಗುಳ್ಳೆ ಎದ್ದು ಲಿವರ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಟ್ಯಾಂಕಿನ ಬಣ್ಣಕ್ಕೆ ಖರ್ಚು ಮಾಡದೆ ಉಳಿಸಿದ ದುಡ್ಡು ಹೋಗಬೇಕಾದ್ದು ಇಂಥ ಕಡೆಗೆ.

ಅರ್ಧಟ್ಯಾಂಕ್ ಅವರೇ, ನಿಮ್ಮ ಗಾಡಿಗೂ ಒಂದು ಪರೀಕ್ಷೆ ಕೊಡುತ್ತೇನೆ. ಡಬಲ್ ಸ್ಟ್ಯಾಂಡ್ ಹಾಕಿ. ಹಿಂದೆ ಯಾರನ್ನಾದರೂ ಕೂರಿಸಿ ಮುಂದಿನ ಚಕ್ರ ನೆಲ ಬಿಡುವ ಹಾಗೆ ಮಾಡಿ. ಈಗ ಒಂದೇ ಬೆರಳಲ್ಲಿ ಹ್ಯಾಂಡಲ್ಲನ್ನು ಎಡದಿಂದ ಬಲಕ್ಕೆ ತಳ್ಳಿ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ಹೋಗಬೇಕು. ನಟ್ಟನಡುವೆ, ಗುಳಿಗೆ ಬಿದ್ದ ಗೋಲಿಯ ಹಾಗೆ ‘ಟಕ್’ ಅಂತ ನಿಂತರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಆಮೇಲೆ ಮುಂದೆ ಕೂತು ಫೋರ್ಕಿನ ಎರಡೂ ಕಾಲು ಹಿಡಿದು ಹಿಂದೆ ಮುಂದೆ ಎಳೆಯಿರಿ. ಸಡಿಲ ಇದ್ದರೆ ಕೈಗೆ ಗೊತ್ತಾಗುತ್ತದೆ. ಮಾಡಿ ನೋಡಿ ಇಲ್ಲಿ ಬರೆಯಿರಿ.

ಸ್ಪ್ಯಾನರ್_13

ಗ್ರೀಸ್_ಕೈ ಅಣ್ಣ ಬರೆದ ಮೇಲೆ ಹೇಳಲು ಜಾಸ್ತಿ ಉಳಿಯುವುದಿಲ್ಲ. ಮ್ಯಾಟ್ ಕಪ್ಪಿನ ಬಗ್ಗೆ ಒಂದು ಮಾತು ಮಾತ್ರ. ಅದನ್ನು ಕಂಡ ಕೂಡಲೇ ‘ಶೋಕಿ’ ಅನ್ನುವವರಿದ್ದಾರೆ. ಅದು ಶೋಕಿಯಾಗಿ ಹುಟ್ಟಿದ್ದಲ್ಲ. ಐದು ಗಾಡಿಯ ಐದು ಬಣ್ಣದ ಪಾರ್ಟುಗಳು ಒಂದು ಸ್ಪ್ರೇ ಡಬ್ಬಿಯಲ್ಲಿ ಒಂದಾಗುತ್ತವೆ. ಹೊಳಪು ಇಲ್ಲದ್ದರಿಂದ ನೆಗ್ಗು ಎದ್ದು ಕಾಣುವುದಿಲ್ಲ. ಎಲ್ಲಿ ಕೆತ್ತಿ ಹೋಯಿತೋ ಅಲ್ಲಿಗೆ ಮತ್ತೊಮ್ಮೆ ಹೊಡೆದರೆ ಗುರುತೂ ಉಳಿಯುವುದಿಲ್ಲ. ಆದ್ರೆ ಅದನ್ನೇ ನಂಬಬೇಡಿ. ಪ್ರೈಮರ್ ಇಲ್ಲದೆ ತೆಳ್ಳಗೆ ಹೊಡೆದ ಮ್ಯಾಟ್ ಪೇಂಟು ನೀರು ತಡೆಯುವುದಿಲ್ಲ, ಅಡಿಯಿಂದ ತುಕ್ಕು ಎದ್ದು ಬರುತ್ತದೆ.

ತುಕ್ಕುರಾಯ

ಅದಕ್ಕೇ ನಾನು ಹಳೇ ಎಂಜಿನ್ ಆಯಿಲ್ ಸವರುತ್ತೇನೆ. ಪುಕ್ಕಟೆ, ತುಕ್ಕೂ ನಿಲ್ಲುತ್ತದೆ.

ಗ್ರೀಸ್_ಕೈ

ನಿಲ್ಲುತ್ತದೆ. ಆದ್ರೆ ಬಿಸಿಲಿಗೆ ತೆಳ್ಳಗಾಗಿ ಹರಿದು ಟೈರಿಗೂ ಬರುತ್ತದೆ, ಬ್ರೇಕಿಗೂ ಬರುತ್ತದೆ. ಬರಿಗೈಲಿ ದಿನಾ ಮುಟ್ಟಬೇಡಿ, ಸುಟ್ಟ ಆಯಿಲ್ ಚರ್ಮಕ್ಕೆ ಕೆಟ್ಟದ್ದು, ಕ್ಯಾನ್ಸರಿನ ಭಯವೂ ಇದೆ. ನಾನು ಇಷ್ಟು ವರ್ಷ ಬರಿಗೈಲೇ ಮುಟ್ಟಿದ್ದೇನೆ ಅನ್ನುವುದು ಬೇರೆ ಮಾತು, ನನ್ನನ್ನು ನೋಡಿ ಕಲಿಯಬೇಡಿ. ಸವರಲೇಬೇಕು ಅಂದ್ರೆ ಫ್ರೇಮಿನ ಒಳಗೆ, ಬ್ಯಾಟರಿ ಟ್ರೇ ಕೆಳಗೆ, ಕಾಣದ ಮೂಲೆಗಳಿಗೆ ಗ್ರೀಸ್ ಹಚ್ಚಿ. ಅದು ಹರಿಯುವುದಿಲ್ಲ.

ಬೆಳ್ಳಿಸ್ಪೋಕ್

ನಾನು ಹೊಸಬ. ಒಂದು ರ‍್ಯಾಟ್ ಬೈಕ್ ಮಾಡಬೇಕು ಅಂತ ಆಸೆ. ಎರಡು ತಿಂಗಳಲ್ಲಿ ಆಗುತ್ತದಾ? ಯಾವ ಮಾಡೆಲ್ ತೆಗೆದುಕೊಳ್ಳಲಿ?

ಕಿಕ್ಕೇ_ಗತಿ

ಎರಡು ತಿಂಗಳಲ್ಲಿ ಇಲಿಮರಿ ಆಗುತ್ತದೆ.

ಸ್ಪ್ಯಾನರ್_13

ತಮಾಷೆ ಬಿಡಿ, ಪಾಪ ಕೇಳುತ್ತಿದ್ದಾರೆ. ತಮ್ಮಾ, ಮಾಡಲು ಹೋಗಬೇಡ. ಈಗ ಓಡುತ್ತಿರುವ, ಸರಳ ಎಂಜಿನ್ನಿನ ಒಂದು ಗಾಡಿ ತಗೋ. ಗಾಳಿಯಿಂದ ತಣಿಯುವಂಥದ್ದು, ಕಾರ್ಬ್ಯುರೇಟರ್ ಇರುವಂಥದ್ದು. ತುಂಬಾ ಮಾರಾಟವಾದ ಮಾಡೆಲ್ ಆದರೆ ಒಳ್ಳೆಯದು, ಯಾವ ಗುಜರಿಯಲ್ಲಿ ಕೈ ಹಾಕಿದರೂ ಪಾರ್ಟ್ ಸಿಗುತ್ತದೆ. ಹೋಂಡಾ ಸೂಪರ್ ಕಬ್ ನೋಡು. 1958ರಲ್ಲಿ ಶುರುವಾಗಿ 2017ರ ಹೊತ್ತಿಗೆ 10 ಕೋಟಿ ದಾಟಿತು. ಅಂಥ ಗಾಡಿ ಸಾಯುವುದೇ ಕಷ್ಟ. ತಗೊಂಡ ಮೇಲೆ ದಿನಾ ಓಡಿಸು. ಏನಾದ್ರೂ ಮುರಿದಾಗ ಅದನ್ನು ಮಾತ್ರ ಸರಿ ಮಾಡು. ಮುರಿಯದ್ದನ್ನು ಮುಟ್ಟಬೇಡ.

ಬೆಳ್ಳಿಸ್ಪೋಕ್

ಅಂದ್ರೆ ಸುಮ್ನೆ ಓಡಿಸೋದಾ?

ಸ್ಪ್ಯಾನರ್_13

ಹೌದು, ಸುಮ್ನೆ ಓಡಿಸೋದು. ಹತ್ತು ವರ್ಷ.

ಮೂರನೇ_ಗೇರು

ಮತ್ತೆ ಸರಿಯಾದ ಆಂಪಿಯರಿನ ಫ್ಯೂಸ್ ನಾಲ್ಕು ತಂದು ಸೀಟಿನ ಕೆಳಗಿಡು ಮಗಾ.

ಅರ್ಧಟ್ಯಾಂಕ್

ಒಂದು ಸಣ್ಣ ಡೌಟು. ತೊಳೆಯಬೇಕಾ ಬೇಡವಾ? ನನ್ನ ಸ್ನೇಹಿತ ‘ರ‍್ಯಾಟ್ ಬೈಕ್ ತೊಳೆಯಬಾರದು’ ಅನ್ನುತ್ತಾನೆ.

ಗ್ರೀಸ್_ಕೈ

ಎಣ್ಣೆ ಕುಡಿದ ಧೂಳು ಒಂದು ಹೊದಿಕೆ, ಅದರಡಿಯಲ್ಲಿ ಲೋಹ ಚೆನ್ನಾಗೇ ಇರುತ್ತದೆ. ಮಣ್ಣು ಹಾಗಲ್ಲ, ಅದು ಒದ್ದೆ ಬಟ್ಟೆ. ಮಡ್‌ಗಾರ್ಡ್ ಒಳಗೆ, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಮೇಲೆ ಕೂತ ಮಣ್ಣು ವಾರಗಟ್ಟಲೆ ನೀರು ಹಿಡಿದಿಡುತ್ತದೆ, ಅಲ್ಲಿಂದಲೇ ತೂತು ಬೀಳುವುದು. ಮಣ್ಣು ತೊಳೆಯಿರಿ. ಎಂಜಿನ್ ಮೇಲಿನ ಫಿನ್ನುಗಳ ಸಂದಿ ಕಟ್ಟಿಕೊಂಡಿದ್ದರೂ ಕೆರೆಯಿರಿ, ಇಲ್ಲದಿದ್ದರೆ ಎಂಜಿನ್ ಬಿಸಿ ಏರುತ್ತದೆ. ಪ್ರೆಷರ್ ನೀರನ್ನು ಬೇರಿಂಗಿನ ಕಡೆ ಹಿಡಿಯಬೇಡಿ. ಕೋನ್ ಸೆಟ್ ನೋಡಿದಿರಾ?

ಅರ್ಧಟ್ಯಾಂಕ್

(ನಾಲ್ಕು ದಿನ ಬಿಟ್ಟು)

ನೋಡಿದೆ ಅಣ್ಣ. ತಂಗಿಯನ್ನು ಹಿಂದೆ ಕೂರಿಸಿ ಚಕ್ರ ಎತ್ತಿದೆ. ಬೆರಳಲ್ಲಿ ತಳ್ಳಿದರೆ ಸರಿಯಾಗಿ ನಡುವೆ ‘ಟಕ್’. ಎಡಕ್ಕೆ ತಳ್ಳಿ ಬಿಟ್ಟರೂ ಅಲ್ಲೇ ಬಂದು ನಿಲ್ಲುತ್ತದೆ. ನೇರ ರಸ್ತೆಯಲ್ಲಿ ಗಾಡಿ ಸ್ವಲ್ಪ ಹಾವಿನ ಹಾಗೆ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ‘ನನ್ನ ಗಾಡಿ ಇರುವುದೇ ಹೀಗೆ’ ಅಂದುಕೊಂಡಿದ್ದೆ.

ಬಿಚ್ಚಿದೆ. ಕೆಳಗಿನ ರೇಸಿನಲ್ಲಿ, ಅಂದ್ರೆ ಗುಂಡುಗಳು ಓಡುವ ಉಕ್ಕಿನ ಬಳೆಯಲ್ಲಿ, ಅವು ಕೂತು ಕೂತು ಸಾಲಾಗಿ ಗುಳಿ ಬಿದ್ದಿವೆ, ಬೆರಳಾಡಿಸಿದರೆ ಲೆಕ್ಕ ಮಾಡಬಹುದು. ಗ್ರೀಸ್ ಒಣಗಿ ಮೇಣದ ಥರ ಆಗಿತ್ತು. ಹೊಸ ಸೆಟ್ ತಂದೆ. ಅದು ಕೈಗೆ ಸಿಕ್ಕ ಬೇರೆ ಗಾಡಿಯದ್ದಲ್ಲ, ದುಡ್ಡು ಕೊಟ್ಟು ಕೊಂಡ ಹೊಸ ಸಾಮಾನು. ಟೈರಿನ ಅಂಕಿಯನ್ನೂ ನೋಡಿದೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಬೈಸಿಕೊಳ್ಳುವ ಶಕ್ತಿ ಇಲ್ಲ. ಅದೂ ಬದಲಾಯಿತು.

ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಹೊಸ ರೇಸು ಫ್ರೇಮಿನೊಳಗೆ ನೇರ ಇಳಿಯುತ್ತಿಲ್ಲ. ಸುತ್ತಿಗೆಯಲ್ಲಿ ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಏಳುತ್ತದೆ.

ಗ್ರೀಸ್_ಕೈ

ಸುತ್ತಿಗೆ ಕೆಳಗಿಡಿ ಮೊದಲು! ಹಳೇ ರೇಸು ಎಸೆದಿಲ್ಲ ತಾನೆ? ಅದಕ್ಕೆ ಗ್ರೈಂಡರಿನಲ್ಲಿ ಒಂದು ಕಡೆ ಅಡ್ಡ ಸೀಳು ಹಾಕಿ. ಹೊಸದರ ಮೇಲೆ ಅದನ್ನು ಮಗುಚಿಟ್ಟು, ಮೇಲೊಂದು ಮರದ ತುಂಡಿಟ್ಟು, ಸುತ್ತಲೂ ಸಮ ತಟ್ಟುತ್ತಾ ಇಳಿಸಿ. ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ, ಟೊಳ್ಳು ಹೋಗಿ ಗಟ್ಟಿ ಬರುತ್ತದೆ. ಸೀಳು ಇರುವುದರಿಂದ ಹಳೇದು ಒಳಗೆ ಕಚ್ಚಿಕೊಳ್ಳುವುದಿಲ್ಲ, ಸ್ಕ್ರೂ ಡ್ರೈವರಿನಲ್ಲಿ ಎಬ್ಬಿದರೆ ಹೊರಗೆ ಬರುತ್ತದೆ.

ಅರ್ಧಟ್ಯಾಂಕ್

ಕೂತಿತು! ಐದೇ ನಿಮಿಷ. ಸದ್ದು ಬದಲಾದದ್ದು ತಂಗಿಗೂ ಕೇಳಿಸಿತು. ಹ್ಯಾಂಡಲ್ ಈಗ ಊದಿದರೆ ತಿರುಗುತ್ತದೆ. ಸಾಯಂಕಾಲ ಒಂದು ಸುತ್ತು ಹೋಗಿ ಬಂದೆ, ನೇರ ರಸ್ತೆಯಲ್ಲಿ ನೇರ ಹೋಗುತ್ತಿದೆ ಗಾಡಿ. ಹಳೇ ಅಭ್ಯಾಸಕ್ಕೆ ನಾನೇ ಅಲುಗಾಡುತ್ತಿದ್ದೆ.

ತುಕ್ಕುರಾಯ

ಸ್ನೇಹಿತ ನೋಡಿದನಾ?

ಅರ್ಧಟ್ಯಾಂಕ್

ನೋಡಿದ. "ಏನೂ ಬದಲಾಗಿಲ್ಲವಲ್ಲೋ" ಅಂದ.

ಕಿಕ್ಕೇ_ಗತಿ

ಆ ಸೀಳಿದ ಹಳೇ ರೇಸು ಏನು ಮಾಡಿದಿರಿ?

ಅರ್ಧಟ್ಯಾಂಕ್

ಸೀಟಿನ ಕೆಳಗಿದೆ. ಮೂರನೇ_ಗೇರು ಅಕ್ಕ ಹೇಳಿದ ಫ್ಯೂಸಿನ ಪಕ್ಕ.